ಕಪಾಟಿಗೆ ಖಾರ ಹಾಕಿದ ಪ್ರಸಂಗ

ಕಟ್ಟಿಗೆಯ ಸಾಮಾನುಗಳ ಬಗ್ಗೆ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ನಂಬಿಕೆ ನನ್ನಲ್ಲಿ ಹುಟ್ಟಿದ್ದು ಒಂದು ಗುರುವಾರ ಸಂಜೆ, ಚಹಾ ಕುಡಿದು ಮುಗಿಸುವಷ್ಟರಲ್ಲಿ. ಮೊಬೈಲಿನಲ್ಲಿ ಯಾರೋ ಒಬ್ಬ ಮಹಾನುಭಾವ ಹಳೆಯ, ಮಾಸಿದ, ಗೀರು ಬಿದ್ದ ಕಪಾಟೊಂದನ್ನು ಕೆರೆಯದೆ, ಉಜ್ಜದೆ, ಹೊಸ ಪಾಲಿಶ್ ಹೊಡೆಯದೆ ಫಳಫಳ ಹೊಳೆಯುವಂತೆ ಮಾಡಿ ತೋರಿಸಿದ. ಮೊದಲು ಒರೆಸು, ಆಮೇಲೆ ಗೀರು ಮುಚ್ಚು, ಕೊನೆಗೆ ಎಣ್ಣೆ ಹಚ್ಚು. ಇಷ್ಟೇ! ನಾನು ಶಿಗ್ಗಾವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇದು ನನಗೆ ಯಾವ ಲೆಕ್ಕ?

ಈ ವಿದ್ಯೆ ನಮಗೆ ತುರ್ತಾಗಿ ಬೇಕೂ ಆಗಿತ್ತು. ನಮ್ಮ ಪಡಸಾಲೆಯಲ್ಲಿರುವ ಸಾಗವಾನಿ ಕಪಾಟು ನನ್ನ ಹೆಂಡತಿ ಗಿರಿಜಾಳ ತವರಿನದು. ಸವಣೂರಿನಲ್ಲಿ ಎಲೆಬಳ್ಳಿ ತೋಟ ಮಾಡಿಕೊಂಡಿದ್ದ ಮಾವನವರು ಅದನ್ನು ಜೀವದಂತೆ ಕಾಯ್ದುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಹಿರಿಯ ಮಗಳು ನೀಲಕ್ಕ, ಕಿರಿಯ ಮಗಳು ಗಿರಿಜಾ ಇಬ್ಬರೂ ಕಪಾಟು ತಮಗೇ ಬೇಕೆಂದು ಹಟ ಹಿಡಿದರು. ಕಡೆಗೆ ಅತ್ತೆಯವರು ತೀರ್ಪು ಕೊಟ್ಟರು: "ಗಿರಿಜಾ ಒಯ್ಯಲಿ. ಆದ್ರ ಚೊಲೋತ್ನ್ಯಾಗ ಇಟ್ಕೊಳ್ಳಲಿಲ್ಲಂದ್ರ ಅದು ನೀಲಾಂದು."

ಮೊನ್ನೆ ಗಿರಿಜಾ ಹೊಸ ಇಳಕಲ್ ಸೀರೆ ಉಟ್ಟು, ಆ ಕಪಾಟಿನ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಎಲ್ಲರೂ ಸೀರೆ ನೋಡಿದರು. ನೀಲಕ್ಕ ಕಪಾಟು ನೋಡಿದರು! ಹಿರೇಕೆರೂರಿನಿಂದ ಕೂಡಲೇ ಫೋನು ಬಂತು.

"ಗಿರಿಜಾ, ಅಪ್ಪನ ಕಪಾಟ ಯಾಕ ಹಂಗಾಗೇತಿ? ಮ್ಯಾಲೆ ಚಾದ ಕಪ್ಪಿನ ಕಲಿ, ಬಾಗಲಾ ತುಂಬ ಗೀರ! ಬರೂ ಐತ್ವಾರ ನಾವು ಬರ್ತೇವಿ. ಟೆಂಪೋ ತಗೊಂಡ ಬರ್ತೇವಿ!"

ಟೆಂಪೋ ಎಂಬ ಶಬ್ದ ಕೇಳಿ ಗಿರಿಜಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಹಾನಗಲ್ಲಿನ ಪಾಲಿಶ್ ಮೇಸ್ತ್ರಿಯನ್ನು ವಿಚಾರಿಸಿದರೆ, ಕಪಾಟನ್ನು ತನ್ನಲ್ಲಿಗೇ ತರಬೇಕು, ಪೂರ್ತಿ ಕೆರೆದು ಹೊಸದಾಗಿ ಬಣ್ಣ ಕಟ್ಟಬೇಕು, ಹದಿನೈದು ದಿನವಾದರೂ ಬೇಕು ಎಂದ. ನಮಗೆ ಇದ್ದದ್ದು ಭಾನುವಾರದ ತನಕ.

"ಅಪ್ಪಂದು ಅಂತ ನನ್ನ ಹತ್ರ ಇರೂದು ಇದೊಂದರಿ," ಎಂದಳು ಗಿರಿಜಾ. "ಇದೂ ಹೋತಂದ್ರ ಏನೈತಿ ನನಗ?"

ಅವಳ ದನಿ ಕೇಳಿ ನನಗೂ ಸಂಕಟವಾಯಿತು. ಅದೇ ಸಂಕಟದಲ್ಲಿ ಮೊಬೈಲು ಹಿಡಿದುಕೊಂಡಾಗಲೇ ಆ ಮಹಾನುಭಾವ ದೇವರಂತೆ ಪ್ರತ್ಯಕ್ಷನಾದದ್ದು. ನಾನು ಎದ್ದು ನಿಂತು ಘೋಷಿಸಿದೆ:

"ನೀ ಏನೂ ಚಿಂತಿ ಮಾಡಬ್ಯಾಡ. ನಾ ಅದೀನಲ್ಲ!"

"ನೀವು ಅದೀರಿ ಅಂತನ ಚಿಂತಿ," ಎಂದಳು. "ಹಿಂದಕ ನಳ ರಿಪೇರಿ ಮಾಡಿದ್ರಿ. ಆಮ್ಯಾಲೆ ಎಷ್ಟ ದಿನಾ ಮೌಲಾಸಾಬ್ರ ಮನಿಯಿಂದ ಕೊಡಾ ಹೊತ್ತೇನಿ, ನೆನಪೈತಿಲ್ಲೊ?"

ವಿಜ್ಞಾನದ ಇತಿಹಾಸದಲ್ಲಿ ಹೆಂಡಂದಿರ ಇಂಥ ವಿರೋಧ ಹೊಸದಲ್ಲ. ನಾನು ಗಮನ ಕೊಡಲಿಲ್ಲ.

ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಮನೆಗೆ ಬಂದು ಬನಿಯನ್ ಮೇಲೆ ನಿಂತೆ. ಗಿರಿಜಾ ಸಂತೆಗೆ ಹೋಗಿದ್ದಳು. ಅದೇ ಸರಿಯಾದ ಹೊತ್ತು. ಒದ್ದೆ ಅರಿವೆಯಿಂದ ಕಪಾಟು ಒರೆಸಿದೆ, ಮತ್ತೆ ಒರೆಸಿದೆ. ಎಷ್ಟೋ ವರ್ಷದ ಕೈಜಿಡ್ಡು, ದೀಪದ ಹೊಗೆ. ಏನು ಮಾಡಿದರೂ ಜಪ್ಪಯ್ಯ ಎನ್ನಲಿಲ್ಲ! ಕಿಟಕಿಯಾಚೆ ಕಂಪೌಂಡಿನ ಮೇಲೆ ಮೌಲಾಸಾಬರ ತಲೆ ಕಾಣಿಸಿತು. ಪಕ್ಕದ ಮನೆಯವರು, ನಿವೃತ್ತ ಬಸ್ ಕಂಡಕ್ಟರ್. ಕೇಳದವರಿಗೂ ಕರೆದು ಸಲಹೆಯ ಟಿಕೆಟ್ ಹರಿದು ಕೊಡುವವರು.

"ಏನ್ ನಡಸೀರಿ ಮಾಸ್ತರ?"

"ಕಪಾಟ ಒರಸಾಕತ್ತೇನ್ರಿ. ಜಿಡ್ಡ ಬಿಡವಲ್ದು."

"ಬರೇ ನೀರಿಗೆ ಎಲ್ಲಿ ಬಿಡತೈತ್ರಿ? ಬಿಸಿನೀರಾಗ ಒಂದ ಚಿಟಿಕಿ ಖಾರ ಹಾಕ್ರಿ, ಹಗೂರಕ ಒರಸ್ರಿ. ಹೆಂತಾ ಜಿಡ್ಡ ಇದ್ರೂ ಹಾರಿ ಹೋಗತೈತಿ!"

ಇಷ್ಟು ಹೇಳಿ ತಲೆ ಮರೆಯಾಯಿತು. ನಾನು ವಿಚಾರ ಮಾಡಿದೆ. ನಮ್ಮ ಕಡೆ ಖಾರ ಎಂದರೆ ಒಂದು, ಸವಣೂರಿನ ಖಾರ. ಪೊಟ್ಟಣ ಕಟ್ಟಿಸಿಕೊಂಡು ಬಂದು ಚಹಾದ ಜೊತೆ ತಿನ್ನುವುದು. ಅದನ್ನು ನೀರಿಗೆ ಹಾಕಿ ಕಪಾಟು ತೊಳೆಯಲು ಬುದ್ಧಿಯಿದ್ದವರು ಯಾರೂ ಹೇಳುವುದಿಲ್ಲ. ಹಾಗಾದರೆ ಉಳಿದದ್ದು ಅಡುಗೆಮನೆಯ ಡಬ್ಬಿಯಲ್ಲಿರುವ ಖಾರದ ಪುಡಿ. ಅದು ನಾಲಿಗೆಯನ್ನೇ ಸುಡುತ್ತದೆ, ಜಿಡ್ಡನ್ನು ಬಿಟ್ಟೀತೇ? ತರ್ಕ ಎಷ್ಟು ಶುದ್ಧವಾಗಿತ್ತೆಂದರೆ ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು.

ಒಂದು ಚಿಟಿಕೆ ಎಂದಿದ್ದರು ನಿಜ. ಆದರೆ ಅದು ಒಂದು ತಂಬಿಗೆಗೆ ಇರಬೇಕು. ನನ್ನದು ಬಕೆಟ್. ಲೆಕ್ಕ ಹಾಕಿ ಒಂದು ಸೌಟು ಹಾಕಿದೆ! ಗಿರಿಜಾ ಖಾರದ ಪುಡಿಯನ್ನು ತಾನೇ ಕುಟ್ಟಿಸುವವಳು. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು, ಎರಡನ್ನೂ ಕೂಡಿಸುತ್ತಾಳೆ. ಎರಡೂ ತಮ್ಮ ತಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ನಿರ್ವಹಿಸಿದವು.

ಮೊದಲು ಗುಂಟೂರು. ಬಿಸಿನೀರಿನ ಹಬೆ ಏಳುತ್ತಿದ್ದಂತೆ ನನಗೆ ಸೀನು ಹತ್ತಿತು. ಸೀನಿದೆ, ಕೆಮ್ಮಿದೆ, ಮತ್ತೆ ಸೀನಿದೆ. ಕಣ್ಣಲ್ಲಿ ನೀರು ಬಂತು. ಕೈಯಲ್ಲಿ ಅರಿವೆ ಇತ್ತಲ್ಲ, ಅದರಿಂದಲೇ ಕಣ್ಣು ಒರೆಸಿಕೊಂಡೆ. ಆಮೇಲೆ ಕೆಲ ಹೊತ್ತು ನಡೆದದ್ದನ್ನು ನಾನು ನೋಡಿಲ್ಲ. ಪಡಸಾಲೆಯಲ್ಲಿ ಯಾರೋ ಕುಣಿಯುತ್ತಿದ್ದಾರೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಆ ಯಾರೋ ನಾನೇ! ಕಂಪೌಂಡಿನಾಚೆಯಿಂದಲೂ ಸೀನಿನ ಸದ್ದು ಬಂತು.

"ಮಾಸ್ತರ, ಯಾರ ದೃಷ್ಟಿ ತಗ್ಯಾಕತ್ತೀರಿ? ಇಡೀ ಓಣಿ ಸೀನಾಕತ್ತೈತಿ!"

ಆಗಲೇ ಗಿರಿಜಾ ಸಂತೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಮೊದಲು ನನ್ನನ್ನು ನೋಡಿದಳು, ಬಕೆಟ್ ನೋಡಿದಳು, ಕಡೆಗೆ ಕಪಾಟು ನೋಡಿದಳು.

"ಏನ್ರಿ ಇದು?"

"ಖಾರ," ಎಂದೆ ಕಣ್ಣು ಮುಚ್ಚಿಕೊಂಡೇ. "ಮೌಲಾಸಾಬ್ರು ಹಾಕಂದ್ರು."

ಮೌಲಾಸಾಬರು ಕಂಪೌಂಡಿನ ಮೇಲೆ ಅರ್ಧ ಏರಿಯೇ ಬಂದರು. "ಯಾ ಅಲ್ಲಾ! ಸೋಡಾಖಾರ್ರಿ ಮಾಸ್ತರ, ಸೋಡಾಖಾರ! ಅರಿಬಿ ತೊಳೆಯೂದು! ಖಾರಪುಡಿ ಯಾರರ ಹಾಕ್ತಾರೇನ್ರಿ? ಅದೇನು ಕಪಾಟೋ, ಕೋಳಿಸಾರೋ?"

ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಆಮ್ಲ ಮತ್ತು ಕ್ಷಾರದ ಪಾಠ ಮಾಡುತ್ತ ಬಂದಿದ್ದೇನೆ. ಕ್ಷಾರ ಜಿಡ್ಡನ್ನು ಕರಗಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೇನೆ. ಪುಸ್ತಕದ ಕ್ಷಾರವೇ ಜನರ ಬಾಯಲ್ಲಿ ಖಾರವಾಗಿದೆ ಎಂಬ ಜ್ಞಾನೋದಯ ಮಾತ್ರ ಆವತ್ತು, ಕೆಂಪು ಕಣ್ಣುಗಳ ಸಮೇತ ಆಯಿತು.

ಇನ್ನು ಬ್ಯಾಡಗಿಯ ಕರ್ತವ್ಯ. ಶನಿವಾರ ಮುಂಜಾನೆ ನೋಡಿದರೆ ಕಪಾಟು ಕೆಂಪಗೆ ಕುಳಿತಿತ್ತು. ಎಲ್ಲಾ ಕಡೆ ಒಂದೇ ಸಮ ಆಗಿದ್ದರೆ ಹೊಸ ಬಣ್ಣ ಎಂದಾದರೂ ಹೇಳಬಹುದಿತ್ತು. ನಾನು ಎಲ್ಲೆಲ್ಲಿ ಸೀನಿದ್ದೆನೋ ಅಲ್ಲಲ್ಲಿ ಹೆಚ್ಚು ಕೆಂಪು. ಬೇಗ ಒಣಗಲಿ ಎಂದು ಫ್ಯಾನು ಹಾಕಿದೆ. ಕೆತ್ತನೆಯ ಸಂದಿಯಲ್ಲಿ ಒಣಗಿ ಕುಳಿತಿದ್ದ ಪುಡಿ ಎದ್ದು ಮನೆಯೆಲ್ಲ ಸುತ್ತಿತು. ಹಿತ್ತಲಿಗೆ ಓಡಿದ ಗಿರಿಜಾ ಅಲ್ಲಿಂದಲೇ ಸೀನುತ್ತ ಬೈದಳು. ಸೀನಿನ ನಡುವೆ ಬೈಗುಳ ಪೂರ್ತಿ ಕೇಳಿಸಲಿಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ಆದರೂ ನಾನು ಕೈಬಿಡಲಿಲ್ಲ. ಎರಡನೆಯ ಹಂತ: ಗೀರು ಮುಚ್ಚುವುದು. ಗೀರಿನ ಮೇಲೆ ಅಕ್ರೋಟದ ತಿರುಳು ತಿಕ್ಕಿದರೆ ಅದರ ಎಣ್ಣೆಯಿಳಿದು ಗೀರು ಮಾಯವಾಗುತ್ತದೆ ಎಂದು ಆ ಮಹಾನುಭಾವ ಹೇಳಿದ್ದ. ಅಕ್ರೋಟ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಡಬ್ಬಿ ತುಂಬ ಹುರಿದ ಶೇಂಗಾ ಇತ್ತು. ಅದರಲ್ಲೂ ಎಣ್ಣೆ ಇದೆ, ಇದರಲ್ಲೂ ಎಣ್ಣೆ ಇದೆ. ಗೀರಿಗೊಂದು, ಬಾಯಿಗೊಂದು ಎಂಬ ಕ್ರಮದಲ್ಲಿ ಕೆಲಸ ಸಾಗಿತು. ಸುಳ್ಳು ಹೇಳಬಾರದು, ಸಣ್ಣ ಗೀರುಗಳು ನಿಜವಾಗಿಯೂ ಮುಚ್ಚಿದವು! ನನ್ನ ಆತ್ಮವಿಶ್ವಾಸ ಪುನಃ ಚಿಗುರಿತು. ಅದು ಚಿಗುರಬಾರದಿತ್ತು.

ಮೂರನೆಯ ಹಂತಕ್ಕೆ ಅಗಸಿ ಎಣ್ಣೆ ಬೇಕಿತ್ತು. ನಾಲ್ಕು ಹನಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ ತೆಗೆಯಬೇಕು ಎಂದಿತ್ತು. ಅಡುಗೆಮನೆಯಲ್ಲಿದ್ದದ್ದು ಕುಸುಬಿ ಎಣ್ಣೆ. ಎರಡೂ ಎಣ್ಣೆಯೇ. ಇನ್ನು ನಾಲ್ಕೇ ಹನಿ ಎಂಬುದು ನನಗೆ ಸರಿಕಾಣಲಿಲ್ಲ. ಎಣ್ಣೆಯ ವಿಷಯದಲ್ಲಿ ಕೈ ಬಿಗಿ ಹಿಡಿಯುವುದು ನಮ್ಮ ಕಡೆಯ ಪದ್ಧತಿಯಲ್ಲ. ದೀಪಾವಳಿಯ ಅಭ್ಯಂಜನಕ್ಕೆ ಅಳಿಯನನ್ನು ಕೂಡಿಸಿದಂತೆ ಕಪಾಟಿಗೆ ನೆತ್ತಿಯಿಂದ ಪಾದದವರೆಗೆ ಎಣ್ಣೆ ಎರೆದೆ. ಒರೆಸಿ ತೆಗೆಯಲು ಮನಸ್ಸಾಗಲಿಲ್ಲ. ಪಾಪ, ಕುಡಿಯಲಿ!

ಅದು ಕುಡಿಯಲಿಲ್ಲ. ಎಣ್ಣೆ ಅಂಟಂಟಾಗಿ ಮೇಲೆಯೇ ನಿಂತಿತು. ಗಿರಿಜಾ ಬಂದು ಒಂದು ಬೆರಳು ಹಚ್ಚಿ ನೋಡಿದಳು, ಮೂಸಿದಳು.

"ಖಾರ ಆತು, ಶೇಂಗಾ ಆತು, ಎಣ್ಣಿ ಆತು. ಇನ್ನೊಂದ ಹಿಡಿ ಚುರಮರಿ ಹಾಕಿ ಕಲಸ್ರಿ, ನಾಳೆ ಅಕ್ಕಗ ನಾಷ್ಟಾನೂ ಆಗತೈತಿ!"

ಹೀಗೆಂದವಳೇ ನಗತೊಡಗಿದಳು. ನಾನೂ ಧೈರ್ಯ ಮಾಡಿ ನಕ್ಕೆ. ಆಮೇಲೆ ನೋಡಿದರೆ ಅವಳು ನಗುತ್ತಿರಲಿಲ್ಲ, ಅಳುತ್ತಿದ್ದಳು. "ನಾಳೆ ಒಯ್ತಾಳ ನೋಡ್ರಿ. ಅಪ್ಪನ ಕಪಾಟ ಕೆಡಿಸಿದ್ರಿ ಅಂತ ನಿಂತ ಕಾಲ್ಮ್ಯಾಲೆ ಒಯ್ತಾಳ," ಎಂದಳು. ನನಗೆ ನಿಜಕ್ಕೂ ಬಹಳ ಕೆಡುಕೆನಿಸಿತು. ಆ ಪಶ್ಚಾತ್ತಾಪದಲ್ಲಿಯೇ ಇನ್ನೊಂದು ಉಪಾಯ ಹೊಳೆಯಿತು. ಹೆಚ್ಚಾದ ಎಣ್ಣೆಯನ್ನು ಹೀರಿಕೊಳ್ಳಲಿ ಎಂದು ಕಪಾಟಿನ ತುಂಬ ಹಳೆಯ ದಿನಪತ್ರಿಕೆ ಅಂಟಿಸಿ ಮಲಗಿದೆ.

ಭಾನುವಾರ ಮುಂಜಾನೆ ಪತ್ರಿಕೆ ಕಿತ್ತರೆ ಅರ್ಧ ನನ್ನ ಕೈಗೆ ಬಂತು, ಅರ್ಧ ಕಪಾಟಿನ ಪಾಲಾಯಿತು. ಎಡ ಬಾಗಿಲ ಮೇಲೆ ಒಂದು ಟ್ರ್ಯಾಕ್ಟರಿನ ಜಾಹೀರಾತು ತಲೆಕೆಳಗಾಗಿ ಮೂಡಿತ್ತು. ಬಲ ಬಾಗಿಲಲ್ಲಿ ಯಾರದೋ ಶ್ರದ್ಧಾಂಜಲಿ. ಶೇಂಗಾದ ವಾಸನೆ ಹಿಡಿದು ಇರುವೆಗಳು ಸಾಲುಗಟ್ಟಿ ಏರುತ್ತಿದ್ದವು. ನಾನು ಓಡಿಹೋಗಿ ಹಾಸಿಗೆಯ ಚಾದರ ತಂದು ಕಪಾಟಿಗೆ ಹೊದಿಸುವುದಕ್ಕೂ ಹೊರಗೆ ಟೆಂಪೋ ನಿಲ್ಲುವುದಕ್ಕೂ ಸರಿಹೋಯಿತು.

ಇಳಿದವರು ನೀಲಕ್ಕ, ಅವರ ಯಜಮಾನರು ಈರಪ್ಪ, ಮತ್ತು ಒಬ್ಬ ಡ್ರೈವರ್. ನೀಲಕ್ಕ ನೀರನ್ನೂ ಮುಟ್ಟದೆ ನೇರ ಪಡಸಾಲೆಗೆ ಬಂದರು.

"ಯಾಕ, ಕಪಾಟಿಗೆ ಥಂಡಿ ಹತ್ತೇತೇನು?"

ಹೀಗೆಂದು ಚಾದರ ಹಿಡಿದು ಜಗ್ಗಿದರು. ಸಂದಿಗಳಲ್ಲಿ ಇನ್ನೂ ಉಳಿದಿದ್ದ ಗುಂಟೂರು ಭಗ್ಗನೆ ಎದ್ದಿತು. ನೀಲಕ್ಕ ಸೀನಿದರು, ಗಿರಿಜಾ ಸೀನಿದಳು, ಈರಪ್ಪನವರು ಇಬ್ಬರಿಗಿಂತ ಗಟ್ಟಿಯಾಗಿ ಸೀನಿದರು. ಸೀನು ನಿಂತ ಮೇಲೆ ನೀಲಕ್ಕ ತಲೆ ವಾರೆ ಮಾಡಿ ಟ್ರ್ಯಾಕ್ಟರಿನ ಜಾಹೀರಾತನ್ನು ಓದಿದರು. ಅವರ ಮುಖದ ಬಣ್ಣವೂ ಬ್ಯಾಡಗಿಯಾಯಿತು.

"ಹೇರ್ರಿ ಇದನ್ನ!" ಎಂದರು ಗಂಡನಿಗೆ.

ಈರಪ್ಪನವರು ಒಂದು ಕಡೆ, ಡ್ರೈವರ್ ಒಂದು ಕಡೆ ಹಿಡಿದರು. ಕಪಾಟು ಕೈಯಿಂದ ಜಾರಿತು. ಗೋಣಿಚೀಲ ಸುತ್ತಿ ಹಿಡಿದರು, ಗೋಣಿಚೀಲವೂ ಜಾರಿತು. "ಇದನ್ನ ಹೆಂಗ ಹಿಡಿಯೂದ್ರಿ? ಎಮ್ಮಿಗೆ ಎಣ್ಣಿ ಹಚ್ಚಿ ನಿಲ್ಲಿಸಿದಂಗ ಆಗೈತಿ!" ಎಂದ ಡ್ರೈವರ್. ಈರಪ್ಪನವರು ಬೆವರೊರೆಸಲು ಹೋಗಿ ಅದೇ ಕೈಯನ್ನು ಕಣ್ಣಿಗೆ ಹಚ್ಚಿಕೊಂಡರು. ಅವರ ಕೂಗು ಕೇಳಿ ಓಣಿಯ ಜನ ಯಾರು ತೀರಿಕೊಂಡರೆಂದು ಬಾಗಿಲಲ್ಲಿ ಇಣುಕಿದರು. ಒಳಗೆ ಎಲ್ಲರ ಕಣ್ಣಲ್ಲೂ ನೀರಿದ್ದದ್ದರಿಂದ ಅವರ ಸಂಶಯ ಗಟ್ಟಿಯಾಯಿತು.

ಹಗುರವಾದರೆ ಎತ್ತಬಹುದೆಂದು ನೀಲಕ್ಕ ಒಳಗಿನ ಸಾಮಾನು ತೆಗೆಯಲು ಬಾಗಿಲು ತೆರೆದರು. ಪುಣ್ಯಕ್ಕೆ ನನ್ನ ವಿದ್ಯೆ ಒಳಗೆ ತಲುಪಿರಲಿಲ್ಲ. ಒಳಗಿನ ಪುಟ್ಟ ಖಾನೆಯಲ್ಲಿ ಮಾವನವರು ಎಲೆ, ಅಡಿಕೆ, ಲವಂಗ ಇಡುತ್ತಿದ್ದರು. ಅವರು ಹೋಗಿ ಇಷ್ಟು ದಿನವಾದರೂ ಅದನ್ನು ಎಳೆದರೆ ಲವಂಗದ ವಾಸನೆ ಬರುತ್ತಿತ್ತು. ನೀಲಕ್ಕ ಖಾನೆ ಎಳೆದು ಬಗ್ಗಿ ಮೂಸಿದರು. ಗಿರಿಜಾ ಹೋಗಿ ಪಕ್ಕದಲ್ಲಿ ನಿಂತಳು.

"ಅಪ್ಪ ಇಲ್ಲೇ ನಿಂತಂಗಾತಲ್ಲ," ಎಂದರು ನೀಲಕ್ಕ.

"ದಿನಾ ಮುಂಜಾನೆ ಒಮ್ಮೆ ತಗದ ನೋಡತೇನಕ್ಕ," ಎಂದಳು ಗಿರಿಜಾ. ಅದು ನನಗೂ ಗೊತ್ತಿರಲಿಲ್ಲ.

ನೀಲಕ್ಕ ಖಾನೆಯನ್ನು ಮೆಲ್ಲಗೆ ಮುಚ್ಚಿ, ಕೆಂಪು ಬಾಗಿಲನ್ನು ನೋಡಿದರು. ಆಮೇಲೆ ತಿರುಗಿ ನನ್ನನ್ನು, ಬನಿಯನ್ನಿನ ಮೇಲಿನ ಎಣ್ಣೆ, ಇನ್ನೂ ಊದಿಕೊಂಡಿದ್ದ ಕಣ್ಣು, ಕೈಗೆ ಅಂಟಿದ್ದ ಪತ್ರಿಕೆಯ ಚೂರು ಎಲ್ಲ ಸಮೇತ, ಕಪಾಟು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಕಪಾಟ ನಿನಗ ಇರ್ಲಿ ತಂಗಿ," ಎಂದರು ಕಡೆಗೆ. "ಇಂಥಾ ಗಂಡನ ಜೋಡಿ ಸಂಸಾರ ಮಾಡಬೇಕು ನೀನು. ಅಪ್ಪಂದು ಅಂತ ಏನರ ಒಂದ ಆಸರಕ್ಕ ಬೇಕಲ್ಲ ನಿನಗ!"

ಕಪಾಟು ಉಳಿಯಿತು! ನನ್ನ ಎದೆ ಉಬ್ಬಿತು. ಒಬ್ಬ ಮೇಸ್ತ್ರಿಯ ಸಹಾಯವಿಲ್ಲದೆ, ಒಂದು ಹನಿ ಪಾಲಿಶ್ ಇಲ್ಲದೆ ನಾನು ಅದನ್ನು ಉಳಿಸಿದ್ದೆ. ಇನ್ನು ಆ ಮಾತಿನ ಎರಡನೆಯ ಭಾಗಕ್ಕೆ ಗಿರಿಜಾಳೇ ಉತ್ತರ ಕೊಡುತ್ತಾಳೆ, ಹಂಗ ಅನಬ್ಯಾಡಕ್ಕ ಎನ್ನುತ್ತಾಳೆ ಎಂದು ಬನಿಯನ್ ಸರಿಮಾಡಿಕೊಂಡು ಕಾಯ್ದೆ. ಅಕ್ಕನ ಯಾವ ಮಾತಿಗೂ ಎದುರು ಮಾತು ಕೊಡದೆ ಬಿಡದ ನನ್ನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, ಅಕ್ಕನ ಕೈ ಹಿಡಿದುಕೊಂಡು ಹೇಳಿದಳು:

"ಖರೇ ಅಂದಿ ನೋಡಕ್ಕ."