ಬೋಲ್ಟು ಬಿಚ್ಚಿದ ಅಳಿಯ

ಸ್ಪ್ಯಾನರ್ ನನ್ನ ಕೈಗೆ ಬಂತೆಂದರೆ ಏನಾದರೊಂದು ಆಗಿಯೇ ಆಗುತ್ತದೆ. ಚಳ್ಳಕೆರೆಯ ಆಫೀಸೊಂದರಲ್ಲಿ ಗುಮಾಸ್ತ ನಾನು. ಮಾವನವರು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ನನ್ನ ಮದುವೆಯಾಗಿ ಎಂಟು ವರ್ಷವಾದರೂ ಅವರದು ಒಂದೇ ತಕರಾರು: "ಅಳಿಯಂದ್ರು ಒಳ್ಳೇರು, ಆದ್ರೆ ಕೈಯಾಗೆ ಒಂದು ಕೆಲ್ಸ ಇಲ್ಲ." ಒಮ್ಮೆಯಾದರೂ ಅವರ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳಬೇಕೆಂಬ ಹಟ ನನಗೆ.

೧. ಎರಡೇ ಬೋಲ್ಟು

ರಸ್ತೆಯಲ್ಲಿ ಹಂಪ್ ಸಿಕ್ಕಾಗಲೆಲ್ಲ ನನ್ನ ಬೈಕಿನ ಹಿಂಭಾಗ ಕಟಕ್ ಅನ್ನುತ್ತಿತ್ತು. ಮೆಕ್ಯಾನಿಕ್ ಬಗ್ಗಿ ನೋಡಿ, "ಸಾರ್, ಶಾಕಬ್ಸರ್ ಹಿಡಿದಿರೋ ಬೋಲ್ಟ್ ಸವೆದೈತೆ. ಎರಡೂ ಕಡೆ ಬದಲಾಯಿಸ್ಬೇಕು. ಗಾಡಿ ಬಿಟ್ಟೋಗಿ" ಅಂದ.

"ಎರಡು ಬೋಲ್ಟ್ ತಾನೆ? ಕೊಡು, ನಾನೇ ಹಾಕ್ಕೋತೀನಿ."

ಬೋಲ್ಟ್ ಜೊತೆಗೆ ತನ್ನ ಫೋನ್ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟ.

"ಇದ್ಯಾಕಪ್ಪಾ?"

"ಇರ್ಲಿ ಸಾರ್, ಸಂಜೆ ಬೇಕಾಗ್ತದೆ."

೨. ಎರಡೂ ಒಟ್ಟಿಗೆ

ಭಾನುವಾರ ಮಾವನ ಮನೆ ಮುಂದೆ, ಬೇಕಂತಲೇ ಅವರಿಗೆ ಕಾಣುವ ಹಾಗೆ, ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿದೆ. ಹೊಸ ಬೋಲ್ಟ್‌ಗಳನ್ನು ಜಗಲಿ ಮೇಲಿಟ್ಟೆ. ಮಾವ ಬಂದು ಒಂದನ್ನು ಅಂಗೈಯಲ್ಲಿ ತೂಗಿ ನೋಡಿದರು.

ಒಂದು ಕಡೆಯದನ್ನು ಹಾಕಿದ ಮೇಲೆ ಇನ್ನೊಂದನ್ನು ಬಿಚ್ಚಬೇಕಂತೆ. ನಾನು ಎರಡನ್ನೂ ಒಟ್ಟಿಗೇ ಬಿಚ್ಚಿದೆ. ಹಿಂದಿನ ಚಕ್ರ ಧಪ್ಪಂತ ನೆಲಕ್ಕೆ ಕೂತಿತು!

"ಅಯ್ಯಯ್ಯೋ, ಏಮೈಂದಿ ಅಲ್ಲುಡೂ?" ಏನಾಯ್ತು ಅಳಿಯಾ ಅಂತ ಎದುರುಮನೆ ಅಜ್ಜ ತೆಲುಗಿನಲ್ಲಿ ಕೂಗುತ್ತಾ ಓಡಿಬಂದರು.

"ಏನೂ ಆಗಿಲ್ಲ ಅಜ್ಜ, ಇದನ್ನ ಹಿಂಗೇ ಮಾಡ್ಬೇಕು."

ಅಜ್ಜ ಜಗಲಿ ಮೇಲೆ ಕೂತೇಬಿಟ್ಟರು. "ಹಂಗಾದ್ರೆ ಎತ್ತೋದನ್ನೂ ನೋಡ್ಕೊಂಡೇ ಹೋಗ್ತೀನಿ."

೩. ಕಳೆದುಹೋದ ಬೋಲ್ಟು

ಹೆಂಡತಿ ಚಕ್ರದಡಿ ಹಲಗೆ ತೂರಿಸಿ ಎತ್ತಿ ಹಿಡಿದಳು. ಬಲಗಡೆಯ ಬೋಲ್ಟ್ ಸರಕ್ಕನೆ ಕೂತಿತು. ನನ್ನ ಸಂಭ್ರಮ ಕೇಳಬೇಡಿ! ಎಡಗಡೆಯದಕ್ಕೆ ಕೈಚಾಚಿದರೆ ಜಗಲಿ ಮೇಲೆ ಅಜ್ಜ ಮಾತ್ರ. ಗಾಡಿ ಕೆಳಗೆ ಹುಡುಕಿದೆ, ಚರಂಡಿಯಲ್ಲಿ ಹುಡುಕಿದೆ, ಅಜ್ಜನ ಪಂಚೆ ಕೊಡವಿಸಿದ್ದೂ ಆಯಿತು.

"ರೀ, ಇನ್ನೆಷ್ಟೊತ್ತು ಹಿಡ್ಕೊಂಡಿರ್ಲಿ?"

ಕೊನೆಗೆ ಮನೆಯೊಳಗೆ ಇಣುಕಿದೆ. ಸೀರೆಯ ಅಂಚಿನ ಎಳೆ ಬಿಗಿಯಾಗಿರಲೆಂದು ಮಗ್ಗದ ಹಿಂದೆ ಭಾರಕ್ಕೆ ಕಲ್ಲು ಕಟ್ಟಿರುತ್ತಾರೆ. ಆ ಕಲ್ಲಿನ ಪಕ್ಕ ನನ್ನ ಬೋಲ್ಟು ನೇತಾಡುತ್ತಿತ್ತು.

"ಮಾವ, ಅದು ಗಾಡೀದು!"

"ಗೊತ್ತು. ಕಲ್ಲಿನ ಭಾರ ಸಾಲ್ತಿರ್ಲಿಲ್ಲ. ಈಗ ಸರಿಯಾಗಿ ಕೂತೈತೆ."

"ಹಳೇದು ಕೊಡ್ತೀನಿ, ಅದನ್ನ ಕಟ್ಕೊಳ್ಳಿ."

"ತುಕ್ಕು ಹಿಡಿದಿದ್ದನ್ನ ರೇಷ್ಮೆ ಹತ್ರ ತರ್ತಾರೇನ್ರಿ? ಸೀರೆ ಮುಗೀಲಿ, ಬಿಚ್ಚಿ ಕೊಡ್ತೀನಿ."

"ಎಷ್ಟು ದಿನ ಆಗ್ತದೆ?"

"ಹನ್ನೆರಡು ದಿನ."

ಮಾವ ಸೀರೆಯ ಅಂಚನ್ನೊಮ್ಮೆ ಸವರಿ, ಎದ್ದು ಬಂದು ನನ್ನ ಬೆನ್ನು ತಟ್ಟಿದರು. "ಭೇಷ್ ಅಳಿಯಂದ್ರೆ! ಎಂಥ ಬೋಲ್ಟ್ ತಂದೀರಿ!"

ಎಂಟು ವರ್ಷ ಕಾದ ಮಾತು. ನಿಜ ಹೇಳ್ತೀನಿ, ನನಗೆ ಕಣ್ಣು ತುಂಬಿ ಬಂತು.

ಮಾವ ಮಗ್ಗದ ಆಚೆ ಕಡೆಗೆ ಬಗ್ಗಿ ನೋಡಿದರು. "ಈ ಅಂಚು ಬಿಗಿ ಆಯ್ತು. ಈಗ ಆ ಕಡೇದು ಸಡ್ಲ ಕಾಣ್ತೈತೆ. ಹೊರಗೆ ಗಾಡಿಗೆ ಒಂದು ಹಾಕಿದ್ದೀರಲ್ಲ, ಅದನ್ನೂ ಬಿಚ್ಕೊಂಡ್ ಬನ್ರಿ."