ಹತ್ತು ಪಾಂಡವರ ಯುದ್ಧದ ಕೊನೆಯ ಅಧ್ಯಾಯ

ಇತಿಹಾಸದ ಪುಸ್ತಕ ಕೊಳ್ಳುವವರಿಗೆ ನನ್ನದೊಂದು ಸಲಹೆ: ಕೊನೆಯ ಅಧ್ಯಾಯವನ್ನು ಮೊದಲು ಓದಿ. ಎತ್ತು ಕೊಳ್ಳುವವನು ಬಾಯಿ ತೆರೆಸಿ ಹಲ್ಲು ನೋಡಿದ ಮೇಲೆ ತಾನೇ ಉಳಿದ ಮಾತು ಆಡುವುದು? ನಾನು ಚಿಕ್ಕೋಡಿ ಕಡೆಯ ದನದ ದಲಾಲ. ಏಳನೆಯ ಇಯತ್ತೆ ಮುಗಿಸಿ ನೇರವಾಗಿ ಸಂತೆಗೆ ಇಳಿದವನು. ಇತಿಹಾಸಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ನಿಪ್ಪಾಣಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ರೇಖಾ ಸೊಸೆಯಾಗಿ ಬಂದ ಮೇಲೆ ಆ ವ್ಯಾಪಾರದ ಒಳಗುಟ್ಟೂ ಒಂದಿಷ್ಟು ತಿಳಿಯಿತು. ಹೊರದೇಶಗಳ ಅಂತರ್ಯುದ್ಧಗಳ ಕೊನೆಯ ಕಾಳಗಗಳನ್ನು ಇತಿಹಾಸಕಾರರು ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಅವಳು ಒಂದು ಪ್ರಬಂಧ ಬರೆಯುತ್ತಿದ್ದಾಳೆ. ಬರೆದದ್ದನ್ನು ಸಂಜೆ ಚಹದ ಜೊತೆ ನನಗೆ ಓದಿ ಹೇಳುತ್ತಾಳೆ.

ಕೇಳುತ್ತ ಕೇಳುತ್ತ ನನಗೊಂದು ವಿಷಯ ಹೊಳೆಯಿತು. ಯುದ್ಧದ ಮೊದಲ ಭಾಗದಲ್ಲಿ ಇತಿಹಾಸಕಾರರು ನಡೆಯುತ್ತಾರೆ, ಕೊನೆಯಲ್ಲಿ ಓಡುತ್ತಾರೆ. ಮೊದಲಿಗೆ ಒಂದೊಂದು ಗುಡ್ಡಕ್ಕೂ ಒಂದೊಂದು ಪುಟ. ಕೊನೆಗೆ ನಕಾಶೆಯ ಮೇಲೆ ಎರಡು ದಪ್ಪ ಬಾಣ, ಬರಿದಾದ ಉಗ್ರಾಣ, ಬಿತ್ತನೆಗೆಂದು ಹೇಳದೆ ಊರಿಗೆ ಹೊರಟ ಸಿಪಾಯಿಗಳು. ಸೋತ ಸೇನಾಪತಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಶರಣಾಗಲು ಬರುತ್ತಾನೆ, ಗೆದ್ದವನು ಎದ್ದು ಕುರ್ಚಿ ಕೊಡುತ್ತಾನೆ. "ಇನ್ನು ಸೋಲು ಖಚಿತವಾಗಿತ್ತು" ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಇದನ್ನು ನಾನು ಸಂತೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಕೊಂಡು ತಂದ ಎಮ್ಮೆ ಹಾಲಿನ ಚರಿಗೆ ಒದ್ದರೆ, "ಅದರ ಬಾಲಾ ನೋಡಿದಾಗನ ನನಗ ಗೊತ್ತಿತ್ತು" ಎನ್ನಲು ಇಡೀ ಓಣಿ ಸೇರುತ್ತದೆ. ಸಂತೆಯ ದಿನ ಆ ಬಾಲದ ಸುದ್ದಿ ಎತ್ತಿದವನು ಒಬ್ಬನೂ ಇರುವುದಿಲ್ಲ.

ಇದನ್ನು ಹೇಳಿದಾಗ ರೇಖಾ ಪೆನ್ನು ಕೆಳಗಿಟ್ಟು, "ಮಾವಾರ, ಖರೇ ಮಾತ ಹೇಳಿದ್ರಿ ನೋಡ್ರಿ" ಎಂದಳು. ನನ್ನಂಥವನನ್ನು ಹೀಗೆ ಹೊಗಳಬಾರದು. ಹೊಗಳಿದರೆ ಪುಕ್ಕಟೆ ಸಲಹೆ ಶುರುವಾಗುತ್ತದೆ.

"ಸಮುದ್ರದ ಆಚೀಕಿನ ಯುದ್ಧ ಯಾಕ ಬೇಕವ್ವಾ?" ಎಂದೆ. "ನಮ್ಮ ಮನೀದ ಹೋದ ವರ್ಷನ ಮುಗದೈತಿ. ಎರಡೂ ಕಡೀ ಸೇನಾಪತಿಗೋಳು ಗಟ್ಟಿಮುಟ್ಟ ಅದಾರ. ಹೋಗಿ ಕೇಳು."

ನಮ್ಮ ಮನೆಯ ಯುದ್ಧವೆಂದರೆ ನನ್ನ ಹೆಂಡತಿ ಶಾಂತಾಳಿಗೂ ಅಣ್ಣನ ಹೆಂಡತಿ ವೈನಿಗೂ ನಡೆದದ್ದು. ಹೊಲ ಪಾಲಾದಾಗ ಬಾವಿ ಇದ್ದ ಕಡೆ ಅಣ್ಣನಿಗೆ, ಬನ್ನಿ ಮರ ಇದ್ದ ಕಡೆ ನನಗೆ ಎಂದು ನಾನೇ ಮಾತು ಮುಗಿಸಿದ್ದೆ. ಇದಕ್ಕಿಂತ ನ್ಯಾಯದ ಪಾಲು ಅಥಣಿಯಿಂದ ರಾಯಬಾಗದವರೆಗೆ ಹುಡುಕಿದರೂ ಸಿಗದು ಎಂಬುದು ಇಂದಿಗೂ ನನ್ನ ಅಭಿಪ್ರಾಯ. ಆದರೆ ಎಳ್ಳಮಾವಾಸ್ಯೆಗೆ ಬನ್ನಿ ಮರದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಆಮೇಲೆ ಹೊಲದ ತುಂಬ ಚರಗ ಚೆಲ್ಲಬೇಕಲ್ಲ? "ಮಂದೀ ಗಿಡದ ಬುಡಕ ನಾ ಯಾಕ ಹೋಗ್ಲಿ?" ಎಂದ ವೈನಿ ಬಾವಿಯ ಪಕ್ಕದಲ್ಲೇ ಬೇರೆ ಐದು ಕಲ್ಲು ನಿಲ್ಲಿಸಿದರು. ಒಂದೇ ಹೊಲದಲ್ಲಿ ಹತ್ತು ಪಾಂಡವರಾದರು. ಕೌರವರು ಯಾರೆಂಬುದು ಮಾತ್ರ ಎರಡೂ ಕಡೆಯವರಿಗೆ ಸ್ಪಷ್ಟವಿತ್ತು. ಮಾತು ನಿಂತಿತು, ಹಬ್ಬದ ಹೋಳಿಗೆ ಬದು ದಾಟುವುದೂ ನಿಂತಿತು.

ಅದು ಮುಗಿದದ್ದು ಹೋದ ಎಳ್ಳಮಾವಾಸ್ಯೆಗೆ. ಚರಗ ಚೆಲ್ಲಲು ಇಬ್ಬರು ಬೇಕು: ಒಬ್ಬರು ಅನ್ನ-ಕಡುಬು ಚೆಲ್ಲುತ್ತ ಮುಂದೆ ಹೋದರೆ, ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ ಬರಬೇಕು. ಆ ದಿನ ಅಣ್ಣ ಮೊಣಕಾಲು ನೋವೆಂದು ಮನೆಯಲ್ಲಿ ಮಲಗಿದ್ದ. ಮಗ ಕಬ್ಬಿನ ಲಾರಿಯ ಮೇಲೆ, ಸೊಸೆ ಕಾಲೇಜಿನಲ್ಲಿ. ನಾನು ಐಗಳಿ ಊರಿಗೆ ಒಂದು ಜೋಡಿ ಎತ್ತು ನೋಡಲು ಹೋಗಿದ್ದೆ. ಬದುವಿನ ಆಚೆಗೊಬ್ಬರು, ಈಚೆಗೊಬ್ಬರು, ಇಬ್ಬರೂ ಒಂಟಿ. ಸಂಜೆ ಮರಳಿ ಬಂದರೆ ಇಡೀ ಹೊಲಕ್ಕೆ ಚರಗ ಬಿದ್ದಿತ್ತು, ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಊಟ ಮಾಡಿದ್ದರು.

ಯುದ್ಧ ಹೇಗೆ ಮುಗಿಯಿತೆಂದು ರೇಖಾ ಮೊದಲು ಅತ್ತೆಯನ್ನು ಕೇಳಿದಳು. "ಆಕೀನ ಬದು ದಾಟಿ ಬಂದ್ಲವಾ, ತಂಬಿಗಿ ಹಿಡಕೊಂಡು. ನಾ ಏನ್ ಕರದಿದ್ದಿಲ್ಲ" ಎಂದಳು ಶಾಂತಾ. ಪಕ್ಕದ ಮನೆಯಲ್ಲಿ ವೈನಿ, "ಅಕ್ಕಾ ಬರ್ರಿ ಅಂತ ಒಂದಲ್ಲ, ಎರಡ ಸಲ ಕೂಗಿದ್ಲು. ದೊಡ್ಡಾಕಿ ನಾನು, ಕರದ ಮ್ಯಾಲ ಹೋಗೂದು ಬ್ಯಾಡೇನು?" ಎಂದರು. ಗೋಡೆ ಒಂದೇ ಆದ್ದರಿಂದ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಕೇಳಿಸಿತು. ಸಂಜೆಯ ಹೊತ್ತಿಗೆ ಇಬ್ಬರ ನಡುವೆ ಮತ್ತೆ ಮಾತು ನಿಂತಿತ್ತು. ಈ ವರ್ಷದ ಎಳ್ಳಮಾವಾಸ್ಯೆಗೆ ಉಳಿದದ್ದು ನಾಲ್ಕೇ ದಿನ. ವೈನಿ ಬಾವಿಯ ಕಡೆಗೆ ಸುಣ್ಣದ ಡಬ್ಬಿ ಹಿಡಿದು ಹೊರಟದ್ದನ್ನು ನಾನೇ ಕಂಡೆ.

ಇಂಥ ಹೊತ್ತಿಗೆ ಪುಸ್ತಕ ಕೈಗೆ ಬರುವುದಿಲ್ಲ, ಕಸುಬು ಬರುತ್ತದೆ. ಸಂತೆಯಲ್ಲಿ ನಾವು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಮಾತಾಡುತ್ತೇವೆ. ಮಾರುವವನಿಗೆ ಒತ್ತಿದ್ದು ಕೊಳ್ಳುವವನಿಗೆ ಕಾಣುವುದಿಲ್ಲ. ಅದೇ ರೀತಿ ವೈನಿಯ ಬಳಿ ಹೋಗಿ, "ಇತಿಹಾಸದಾಗ ನಿಮ್ಮ ಮಾತನ ಬರೀತಾಳ್ರಿ, ಶಾಂತಾ ಕರದ್ಲು ಅಂತ" ಎಂದೆ. ಮನೆಗೆ ಬಂದು ಶಾಂತಾಳಿಗೆ, "ವೈನಿ ತಾವಾಗೇ ಬಂದ್ರು ಅಂತ ಬರದಾತು ಬಿಡು" ಎಂದೆ. ಇಬ್ಬರ ಮುಖವೂ ಅರಳಿತು. ದೊಡ್ಡ ದೊಡ್ಡ ಒಪ್ಪಂದಗಳೆಲ್ಲ ಹೀಗೇ ಆಗಿರಬೇಕು, ನಕಾಶೆಯ ಬಾಣ ಆಮೇಲೆ ಬಿಡಿಸಿದ್ದು ಎಂದುಕೊಂಡೆ.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಹಿಟ್ಟಿನ ಗಿರಣಿಯನ್ನು. ಹಬ್ಬದ ಸಜ್ಜೆ ಬೀಸಿಸಲು ಇಬ್ಬರೂ ಒಂದೇ ಸರದಿಯಲ್ಲಿ ನಿಂತರು. ಗೆದ್ದವರ ಉದಾರತೆಯಿಂದ ಇಬ್ಬರೂ ಒಟ್ಟಿಗೇ ಮಾತು ತೆಗೆದರು, ನಾನು ಟವೆಲ್ಲಿನ ಕೆಳಗೆ ಒತ್ತಿದ ಬೆರಳೆಲ್ಲ ಬಯಲಾಯಿತು. ಅರ್ಧ ಗಂಟೆಯಲ್ಲಿ ಎರಡು ಹಿಟ್ಟಿನ ಡಬ್ಬಿ, ಇಬ್ಬರು ಹೆಂಗಸರು, ಒಂದೇ ಹೆಜ್ಜೆಯಲ್ಲಿ ನಮ್ಮ ಮನೆಗೆ ಬಂದರು.

"ಬರ್ಕೊ ರೇಖಾ" ಎಂದರು ವೈನಿ. "ಯಾರೂ ಕರೀಲಿಲ್ಲ, ಯಾರೂ ಬರ್ಲಿಲ್ಲ. ನಿಮ್ಮ ಮಾವ ಊರಾಗ ಇದ್ದಿದ್ದಿಲ್ಲ, ಹಿಂಗಾಗಿ ಮುಗೀತು."

"ಅದೊಂದ ಖರೇ ಐತಿ" ಎಂದಳು ಶಾಂತಾ. "ಇವರು ಪಾಲ ಮಾಡ್ದಾಗ ಪಾಂಡವರು ಹತ್ತ ಮಂದಿ ಆದ್ರು. ರಾಜೀ ಮಾಡಾಕ ಬಂದ್ರ ಇಪ್ಪತ್ತ ಆಗ್ತಿದ್ರು."

ರೇಖಾ ಬರೆದುಕೊಂಡಳು. ಎರಡೂ ಪಕ್ಷಗಳು ಒಪ್ಪಿದ ಕೊನೆಯ ಅಧ್ಯಾಯ ಸಿಗುವುದು ಅಪರೂಪವಂತೆ. ಪಾಲಿನ ನ್ಯಾಯದ ಬಗ್ಗೆ ನನ್ನದೂ ಒಂದು ಸಾಲು ಇರಲಿ, ಕೆಳಗೆ ಅಡಿಟಿಪ್ಪಣಿಯಲ್ಲಾದರೂ ಸರಿ ಎಂದು ಚೌಕಾಸಿಗಿಳಿದೆ.

"ಅತ್ತಿಯಾರ್ನ ಕೇಳ್ರಿ, ಮಾವಾರ" ಎಂದಳು ರೇಖಾ.

ನೆಗೆಣ್ಣಿಯರಿಬ್ಬರೂ ಪರಸ್ಪರ ಮುಖ ನೋಡಿಕೊಂಡರು. "ಅಮಾಸಿ ದಿನ ಎಲ್ಲ್ಯರ ಎತ್ತ ನೋಡಾಕ ಹೋಗ್ರಿ" ಎಂದಳು ಶಾಂತಾ. "ಸಂಜೀತನಕ ಹೊಲದ ಕಡೆ ಬರಬ್ಯಾಡ್ರಿ. ಆಮ್ಯಾಲ ನಿಮ್ಮ ಆ ಒಂದ ಸಾಲಿಂದು ನೋಡೂಣು."

ಇಷ್ಟು ವರ್ಷದ ವ್ಯಾಪಾರದಲ್ಲಿ ಎದುರಿನವರು ಹೇಳಿದ ಮೊದಲ ಮಾತಿಗೇ ನಾನು ಎಂದೂ ಒಪ್ಪಿದವನಲ್ಲ. ಅಂದು ಒಪ್ಪಿಕೊಂಡು, ಕಾಗವಾಡದ ಕಡೆ ಯಾರಾದರೂ ಎತ್ತು ಮಾರುವವರಿದ್ದಾರೆಯೇ ಎಂದು ವಿಚಾರಿಸಲು ಫೋನು ಹಚ್ಚಿದೆ.