ಟಾವೆಲ್ಲಿನ ಬದಲು ಆಕಾಶ

ಇನ್ನು ಮೇಲೆ ತನ್ನ ಮನೆಯಿಂದ ಯಾರ ಹೆಗಲಿಗೂ ಟಾವೆಲ್ ಬೀಳುವುದಿಲ್ಲ ಎಂದು ಯೋಗಿರಾಜ ಘೋಷಿಸಿದಾಗ, ಅವನು ಟಾವೆಲ್ಲುಗಳ ನಡುವೆಯೇ ಕೂತಿದ್ದ. ಸೋಲಾಪುರದ ಪೇಟೆಯಲ್ಲಿ ಅವನದು ಚಾದರ ಮತ್ತು ಟಾವೆಲ್ಲಿನ ಅಂಗಡಿ. ಅಜ್ಜ ಮಾರಿದ್ದು ಟಾವೆಲ್, ಅಪ್ಪ ಮಾರಿದ್ದು ಟಾವೆಲ್. ಮೊಮ್ಮಗ ಮಾತ್ರ ಅಂತರಿಕ್ಷಕ್ಕೆ ಹೊರಟಿದ್ದ.

ಚಂದ್ರನ ಮೇಲೆ ನಮ್ಮ ನೌಕೆ ಇಳಿದ ಸಂಜೆ ಅಂಗಡಿಯ ಟೀವಿಯ ಮುಂದೆ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ್ದೇ ಇದಕ್ಕೆಲ್ಲ ಮೂಲ. ಅಂದಿನಿಂದ ಅವನು ಪುಸ್ತಕ ಕೊಳ್ಳತೊಡಗಿದ. ಎಲ್ಲರಿಗೂ ತಿಳಿಯುವಂತೆ ಬರೆದ, ಬಣ್ಣದ ಚಿತ್ರಗಳ ತೆಳು ಪುಸ್ತಕಗಳನ್ನು ತಂದ. ಎಂಜಿನಿಯರುಗಳಿಗೆಂದೇ ಬರೆದ, ಎತ್ತಿದರೆ ಮಣಿಕಟ್ಟು ನೋಯುವ ದಪ್ಪ ಇಂಗ್ಲಿಷ್ ಪುಸ್ತಕಗಳನ್ನೂ ತಂದ. ಎರಡನ್ನೂ ಸಮಾನ ಭಕ್ತಿಯಿಂದ ಕೊಂಡ, ಸಮಾನ ಭಕ್ತಿಯಿಂದ ಓದದೆ ಇಟ್ಟ. ಮನೆಯ ಗಾಜಿನ ಶೋಕೇಸಿನಲ್ಲಿ ಅವು ಬೆನ್ನು ತೋರಿಸಿ ನಿಂತವು. ಬಂದವರು "ಇಷ್ಟೆಲ್ಲಾ ಓದೀರೇನ್ರಿ?" ಎಂದರೆ ಯೋಗಿರಾಜ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ. ಆ ತಲೆಯಾಟ ಹೌದೆಂದೋ ಅಲ್ಲವೆಂದೋ ಎಂದು ಮತ್ತೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ಹೊಸ ಮನೆಯ ವಾಸ್ತುಶಾಂತಿ ಬಂತು. ಈ ಕಡೆ ಶುಭಕಾರ್ಯಕ್ಕೆ ಬಂದ ನೆಂಟರಿಗೆ ಟಾವೆಲ್, ಟೋಪಿ, ತೆಂಗಿನಕಾಯಿ ಕೊಟ್ಟು ಮಾನ ಮಾಡುವುದು ರೂಢಿ. ಅದಕ್ಕೆ ಆಹೇರ ಎನ್ನುತ್ತಾರೆ. ಆಹೇರದ ಟಾವೆಲ್ಲಿನಲ್ಲಿ ಯಾರೂ ಮೈ ಒರೆಸಿಕೊಳ್ಳುವುದಿಲ್ಲ. ಟ್ರಂಕಿನಲ್ಲಿಟ್ಟು ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಹೆಗಲಿಗೆ ಹಾಕುತ್ತಾರೆ. ಹೀಗೆ ಒಂದೊಂದು ಟಾವೆಲ್ಲೂ ಗ್ರಹದಂತೆ ನೆಂಟರ ಮನೆಗಳನ್ನು ಸುತ್ತುತ್ತ, ಮಡಿಕೆ ಬಿಚ್ಚದೆಯೇ ಮುದಿಯಾಗುತ್ತದೆ.

"ಈ ಸಲ ಆಹೇರಕ್ಕ ಪುಸ್ತಕ! ಅಂತರಿಕ್ಷ ವಿಜ್ಞಾನದ ಪುಸ್ತಕ!" ಎಂದ ಯೋಗಿರಾಜ. "ಮಂದಿ ತಲ್ಯಾಗ ಒಂದಿಷ್ಟು ಬೆಳಕ ಬೀಳಲಿ."

ಹೆಂಡತಿ ಮನೀಷಾ ಶೇಂಗಾ ಚಟ್ನಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಅಹೋ, ಟಾವೆಲ್ ಅಂಗಡಿಯವರ ಮನ್ಯಾಗs ಟಾವೆಲ್ ಇಲ್ಲಂದ್ರ ಮಂದಿ ಏನಂತಾರ?"

"ಏನೂ ಅನ್ನಂಗಿಲ್ಲ. ಓದಕೋತ ಕೂಡತಾರ."

"ಪುಸ್ತಕಾನೂ ಟಾವೆಲ್ ಹಂಗs ತಿರಗಿ ಮನಿಗೆ ಬರತಾವ, ನೋಡ್ರಿ ಬೇಕಾದ್ರ."

"ಟಾವೆಲ್ ತಿರಗಿ ಬರತದ. ಜ್ಞಾನ ತಿರಗಿ ಬರಂಗಿಲ್ಲ!"

"ಅದೂ ಖರೇ ಅನ್ರಿ. ತಿರಗಿ ಬರಬೇಕಂದ್ರ ಮೊದಲು ನಮ್ಮ ಮನಿಗೆ ಬಂದಿರಬೇಕಲ್ಲ," ಎಂದಳು ಮನೀಷಾ, ಒನಕೆ ಎತ್ತುತ್ತ.

ಯಾರಿಗೆ ಯಾವ ಪುಸ್ತಕ ಎಂಬುದನ್ನು ಯೋಗಿರಾಜ ಬಹಳ ಕಾಳಜಿಯಿಂದ ನಿರ್ಧರಿಸಿದ. ಮಗಳು ಪ್ರಾಜಕ್ತಾಳನ್ನು ಅಕ್ಕಲಕೋಟದ ಶುಭಂಗೆ ಕೊಡುವ ಮಾತಾಗಿತ್ತು. ಶುಭಂನ ತಂದೆ ಹಣಮಂತಪ್ಪ ನಿವೃತ್ತ ವಿಜ್ಞಾನ ಮಾಸ್ತರರು, ಆದ್ದರಿಂದ ಅವರಿಗೆ ದಪ್ಪ ಪುಸ್ತಕ. ಮನೀಷಾಳ ಅಣ್ಣ ನಿಂಗಣ್ಣ ಮಂದ್ರೂಪದಲ್ಲಿ ಕಬ್ಬು, ಜೋಳ ಬೆಳೆಯುವವನು, ಕಲಿತದ್ದು ಊರಿನ ಕನ್ನಡ ಸಾಲೆಯಲ್ಲಿ. ಅವನಿಗೆ ಸುಲಭವಾಗಲಿ ಎಂದು ಕನ್ನಡದ ತೆಳು ಪುಸ್ತಕ, ಮುಖಪುಟದ ಮೇಲೆ ಕೆಂಪು ಮಂಗಳ. ಎಲ್ಲವೂ ಕೆಂಪು ಕಾಗದ ಸುತ್ತಿಕೊಂಡು ಹೊರಟವು. ನೆಂಟರು ಸುಮ್ಮನೆ ತೆಗೆದುಕೊಂಡರು. ಕೆಲವರು ಒಳಗೆ ಟಾವೆಲ್ ಮಡಚಿಟ್ಟಿರಬಹುದೆಂದು ಒತ್ತಿ ನೋಡಿದರು. ಅದು ಒತ್ತಿಸಿಕೊಳ್ಳಲಿಲ್ಲ.

ಅನಾಹುತ ನಡೆದದ್ದು ಬಸ್ ಸ್ಟ್ಯಾಂಡಿನಲ್ಲಿ. ಊರಿಗೆ ಮರಳುವಾಗ ಹಣಮಂತಪ್ಪನವರು "ಸ್ವಲ್ಪ ಹಿಡೀರಿ, ನೀರು ಕುಡದು ಬರತೀನಿ" ಎಂದು ತಮ್ಮ ಪೊಟ್ಟಣವನ್ನು ನಿಂಗಣ್ಣನ ಕೈಗಿಟ್ಟು ಹೋದರು. ನಿಂಗಣ್ಣನ ಬಲಗೈ ಕೆಳಗಿಳಿಯಿತು. ತನ್ನ ಪೊಟ್ಟಣ ಹಿಡಿದ ಎಡಗೈ ಮೇಲೆಯೇ ಉಳಿಯಿತು. ಹುಟ್ಟಿದಾಗಿನಿಂದ ಧಾನ್ಯ ತೂಗಿದ ಮನುಷ್ಯ ಅವನು. ಹಣಮಂತಪ್ಪನವರು ನೀರು ಕುಡಿದು ಬರುವಷ್ಟರಲ್ಲಿ ತನ್ನ ಮಾನದ ತೂಕ ಅವನಿಗೆ ತಿಳಿದುಹೋಗಿತ್ತು.

ಎರಡು ದಿನ ಬಿಟ್ಟು ಅವನ ಹೆಂಡತಿ ಲಕ್ಷ್ಮೀಬಾಯಿ ಮನೀಷಾಗೆ ಫೋನು ಮಾಡಿದಳು. "ನಿಮ್ಮಣ್ಣ ಮಾತಾಡವಲ್ಲ ನೋಡವ್ವಾ. ಸಾಖರಪುಡಾಕ್ಕೂ ಬರಂಗಿಲ್ಲಂತ. 'ತೆಳ್ಳನ್ ಮಾವ ಯಾಕ ಬೇಕು, ದಪ್ಪನ್ ಬೀಗರು ಅದಾರಲ್ಲ' ಅಂತಾನ."

ಮನೀಷಾ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಸಾಖರಪುಡಾ ಎಂದರೆ ಮಗಳ ನಿಶ್ಚಿತಾರ್ಥ. ಸೋದರಮಾವ ಬಂದು ಸೊಸೆಯ ಉಡಿಗೆ ತೆಂಗಿನಕಾಯಿ ಹಾಕದೆ ಅವರ ಮನೆತನದಲ್ಲಿ ಶಾಸ್ತ್ರ ಮುಂದೆ ಸಾಗದು. ಅದಕ್ಕಿಂತ ಹೆಚ್ಚಾಗಿ, ಪ್ರಾಜಕ್ತಾಳ ಬಾಲ್ಯದ ಬೇಸಿಗೆಗಳೆಲ್ಲ ಆ ಮಾವನ ಹೆಗಲ ಮೇಲೆ, ಕಬ್ಬಿನ ಗರಿಗಳ ನಡುವೆ ಕಳೆದಿದ್ದವು.

"ಮಾಮಾ ಬರಲಿಲ್ಲಂದ್ರ ನಾ ಮಣಿ ಮ್ಯಾಲ ಕೂಡಂಗಿಲ್ಲ, ಪಪ್ಪಾ," ಎಂದಳು ಅವಳು. ಅಳಲಿಲ್ಲ. ಅತ್ತಿದ್ದರೆ ಯೋಗಿರಾಜನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅವನು ಶೋಕೇಸಿನ ಮುಂದೆ ನಿಂತ. ನಡುವೆ, ರಾಜನಂತೆ, ಅವನ ಸಂಗ್ರಹದಲ್ಲೇ ಅತಿ ದಪ್ಪನೆಯ ಪುಸ್ತಕವಿತ್ತು: ರಾಕೆಟ್ ಎಂಜಿನ್ನಿನ ಒಳಗೆ ಇಂಧನ ಹೇಗೆ ಉರಿಯುತ್ತದೆ ಎಂಬುದರ ಸಮಗ್ರ ವಿವರಣೆ. ಅದನ್ನು ಎದೆಗವಚಿಕೊಂಡು ಯೋಗಿರಾಜ ಮಂದ್ರೂಪದ ಬಸ್ಸು ಹತ್ತಿದ.

ನಿಂಗಣ್ಣ ಪಡಸಾಲೆಯಲ್ಲಿ ಕೂತಿದ್ದ. ಬರ್ರಿ ಎನ್ನಲಿಲ್ಲ. ಯೋಗಿರಾಜ ಪುಸ್ತಕವನ್ನು ಎರಡೂ ಕೈಯಿಂದ ನೀಡಿದ. ನಿಂಗಣ್ಣ ಒಂದೇ ಕೈಯಲ್ಲಿ ತೆಗೆದುಕೊಳ್ಳಲು ಹೋಗಿ ಎರಡನೆಯದನ್ನೂ ಚಾಚಬೇಕಾಯಿತು. ಮುಖದ ಗಂಟು ಅಲ್ಲೇ ಸ್ವಲ್ಪ ಸಡಿಲವಾಯಿತು.

"ಮಾಸ್ತರರದಕ್ಕಿಂತ ಜಡ ಅದಲ್ಲ?" ಎಂದ.

"ಇದಕ್ಕಿಂತ ಜಡ ಸೋಲಾಪುರದಾಗ ಸಿಗಂಗಿಲ್ಲ, ನಿಂಗಣ್ಣಾವ್ರ."

"ಹಂಗಾರ ಕೂಡ್ರಿ ದಾಜಿ. ಏ ಇವಳs, ಚಾ ಇಡು!" ತಂಗಿಯ ಗಂಡ ಮತ್ತೆ ದಾಜಿಯಾದ. ಯೋಗಿರಾಜ ಉಸಿರು ಬಿಟ್ಟ. ಆಗ ನಿಂಗಣ್ಣ ಪುಸ್ತಕವನ್ನು ಅವನ ಕಡೆಗೇ ತಿರುಗಿಸಿದ. "ಒಂದ್ ಪುಟ ಓದಿ ಹೇಳ್ರಿ. ಇವಳೂ ಕೇಳಲಿ."

ಯೋಗಿರಾಜ ನಡುವೆ ಎಲ್ಲೋ ತೆರೆದ. ಪುಟದ ತುಂಬ ಗಣಿತದ ಚಿಹ್ನೆಗಳು, ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ. ಅವನು ಗಂಟಲು ಸರಿಮಾಡಿಕೊಂಡ.

"ರಾಕೆಟ್ ಮ್ಯಾಲ ಹೋಗತದ ಅಂತ ಬರದಾರ."

"ಮುಂದ?"

ಒಂದು ಹಿಡಿ ಪುಟ ತಿರುವಿದ. "ಮುಂದನೂ ಮ್ಯಾಲ."

"ಕೊನೀಗೆ?"

"ಕೊನೀಗೆ… ಭಾಳ ಮ್ಯಾಲ."

ನಿಂಗಣ್ಣ ಯೋಚಿಸಿದ. "ಇಷ್ಟು ದಪ್ಪ ಪುಸ್ತಕದಾಗ ಬರೇ ಮ್ಯಾಲ? ಕೆಳಗ ಬರಂಗs ಇಲ್ಲೇನು? ಚಂದ್ರನ ಮ್ಯಾಲ ಇಳದಾಗ ನೀವು ಚಪ್ಪಾಳಿ ಹೊಡದಿದ್ರಂತಲ್ಲ?"

"ಇಳಿಯೋದು ಬ್ಯಾರೆ ಪುಸ್ತಕದಾಗ ಅದ," ಎಂದ ಯೋಗಿರಾಜ, ಚಹಾದ ಬಸಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು.

"ಯಾವುದರಾಗ?"

"ಹುಡಕಬೇಕು."

"ಇದನ್ನ ನೀವು ಓದೀರಿ?"

ಯೋಗಿರಾಜ ಕಣ್ಣು ಮುಚ್ಚಿ ತಲೆಯಾಡಿಸಿದ. ಕಣ್ಣು ತೆರೆದಾಗ ನಿಂಗಣ್ಣ ಅವನನ್ನೇ ನೋಡುತ್ತಿದ್ದ, ಚೀಲದಲ್ಲಿ ಕಲ್ಲು ಬೆರೆಸಿರುವರೇ ಎಂದು ಜೋಳವನ್ನು ನೋಡುವ ಹಾಗೆ. "ಸಾಖರಪುಡಾಕ್ಕ ಬರತೀರಲ್ಲ?" ಎಂದು ಯೋಗಿರಾಜ ಕೇಳಿದ್ದಕ್ಕೆ "ನೋಡೋಣು" ಎಂದಷ್ಟೇ ಹೇಳಿದ.

ಮಂದ್ರೂಪಕ್ಕೆ ದಪ್ಪ ಪುಸ್ತಕ ಹೋದ ಸುದ್ದಿ ನಿಲ್ಲಲಿಲ್ಲ. ಕುಂಭಾರಿಯಿಂದ ಸೋದರತ್ತೆ ಇಂದುಬಾಯಿ ಫೋನು ಮಾಡಿದಳು. "ನನಗ ಕೊಟ್ಟಿದ್ದು ಸಣ್ಣ ಹುಡುಗರದಂತಲ್ಲೋ ಯೋಗ್ಯಾ! ಅದರಾಗಿಂದು ಶನಿದೇವರ ಫೋಟೋ ಅಂತ ಗೋಡಿಗೆ ಹಚ್ಚಿದ್ರ, ಬರೇ ಬಳಿ ಹಾಕ್ಕೊಂಡ ಚೆಂಡು!" ಅವಳಿಗೆ ಕೃತಕ ಉಪಗ್ರಹಗಳ ಮಹಾಗ್ರಂಥ ಹೋಯಿತು. ಅದರ ತೂಕ ಕೇಳಿದ ಉಳಿದವರಿಗೂ ಒಂದೊಂದು ಹೋಯಿತು. ದಪ್ಪ ಪುಸ್ತಕಗಳು ಮುಗಿದಾಗ ತೆಳುವನ್ನೇ ಜೋಡಿಸಿ ಕಟ್ಟಿ ಕಳಿಸಿದ. ಶೋಕೇಸು ಬರಿದಾಯಿತು. ಮನೀಷಾ ಗಾಜು ಒರೆಸಿ, ಅಲ್ಲಿ ಟಾವೆಲ್ಲುಗಳನ್ನು ಜೋಡಿಸಿದಳು.

ಸಾಖರಪುಡಾ ಅಕ್ಕಲಕೋಟದ ಒಂದು ಮಂಗಲ ಕಾರ್ಯಾಲಯದಲ್ಲಿ. ಬೀಗರು ಬಂದರು, ಭಟ್ಟರು ಬಂದರು, ಮುಹೂರ್ತವೂ ಹತ್ತಿರ ಬಂತು. ಮಾವ ಬರಲಿಲ್ಲ. ಮಣೆಯನ್ನು ತೋರಿಸಿ "ಕೂಡವಾ" ಎಂದರೆ ಪ್ರಾಜಕ್ತಾ ಬಾಗಿಲು ನೋಡುತ್ತ ನಿಂತೇ ಇದ್ದಳು. ಹಸಿರು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಯೋಗಿರಾಜ ಬೆವರಿದ. ಒರೆಸಿಕೊಳ್ಳಲು ಒಂದು ಟಾವೆಲ್ ಕೂಡ ಕೈಯಲ್ಲಿರಲಿಲ್ಲ.

ಆಗ ಬಾಗಿಲಲ್ಲಿ ಗುಲಾಬಿ ಫೇಟಾ ಕಾಣಿಸಿತು. "ಬಸ್ಸು ಲೇಟ್ ಆತು," ಎಂದ ನಿಂಗಣ್ಣ, ನಡುವೆ ಏನೂ ನಡೆದೇ ಇಲ್ಲವೆಂಬಂತೆ. "ಕೂಡ, ನಮ್ಮವ್ವಾ." ಸೊಸೆ ಕೂತಳು. ಮಾವನ ತೆಂಗಿನಕಾಯಿ ಉಡಿಗೆ ಬಿತ್ತು. ಮನೀಷಾ ಕಣ್ಣೊರೆಸಿಕೊಂಡಳು.

ಶಾಸ್ತ್ರ ಮುಗಿದ ಮೇಲೆ ನಿಂಗಣ್ಣ ಆಹೇರ ತೆಗೆದ. ಎಲ್ಲರ ಎದುರು ಯೋಗಿರಾಜನ ತಲೆಗೆ ಟೋಪಿ ಇಟ್ಟ, ಹೆಗಲಿಗೆ ಟಾವೆಲ್ ಹಾಕಿದ, ಕೈಗೊಂದು ತೆಳು ಪುಸ್ತಕ ಕೊಟ್ಟ. ಮುಖಪುಟದ ಮೇಲೆ ಕೆಂಪು ಮಂಗಳ.

"ದಾಜಿ, ಸಿಟ್ಟಿನಾಗ ಒಂದಿನ ತೆರದು ನೋಡಿದ್ನಿ. ಪೂರಾ ಓದಸ್ಕೊಂಡ ಹೋತು. ನೀವು ಹೇಳಿದ ಬ್ಯಾರೆ ಪುಸ್ತಕ ಇದs ನೋಡ್ರಿ. ರಾಕೆಟ್ ಕೆಳಗೂ ಬರತದಂತ ಇದರಾಗ ಛಂದ ಬರದಾರ. ಮೊದಲು ಇದನ್ನ ಓದ್ರಿ. ಇದು ಮುಗದ ಮ್ಯಾಲ ದಪ್ಪನ್ದು ಕೊಡತೀನಿ."

"ಅದು ಈಗ ಕೊಡಾಕೂ ಬರಂಗಿಲ್ರಿ," ಎಂದಳು ಲಕ್ಷ್ಮೀಬಾಯಿ. "ಕಡಕ್ ರೊಟ್ಟಿ ಸೊಟ್ಟ ಆಗಬಾರ್ದಂತ ಮ್ಯಾಲ ಇಟ್ಟೀನಿ. ಭಾಳ ಉಪಯೋಗದ ಪುಸ್ತಕರಿ."

ಹಣಮಂತಪ್ಪ ಮಾಸ್ತರರು ಮೆಲ್ಲಗೆ ಯೋಗಿರಾಜನ ಕಿವಿಯಲ್ಲಿ ಕೇಳಿದರು: "ಬೀಗರ, ನಿಮ್ಮದು ಮುಗದಿಂದ ಆ ತೆಳ್ಳನ್ದು ನನಗ ಕೊಡ್ರಿ. ದಪ್ಪನ್ದು ನನಗೂ ತಿಳೀವಲ್ದು."

ಮನೀಷಾ ಗಂಡನ ಹೆಗಲ ಮೇಲಿನ ಟಾವೆಲ್ಲಿನ ಅಂಚು ತಿರುವಿ ನೋಡಿದಳು. ತಮ್ಮದೇ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಮರುದಿನ ಮಧ್ಯಾಹ್ನ ಯೋಗಿರಾಜ ಟಾವೆಲ್ಲುಗಳ ಶೋಕೇಸಿನ ಪಕ್ಕದಲ್ಲಿ ಕೂತು ಪುಸ್ತಕ ತೆರೆದ. ಮೊದಲ ಪುಟದಿಂದ ಕೊನೆಯ ಪುಟದವರೆಗೂ ಅಲ್ಲಲ್ಲಿ ಶೇಂಗಾ ಚಟ್ನಿಯ ಎಣ್ಣೆಬೆರಳಿನ ಗುರುತುಗಳಿದ್ದವು. ಇಷ್ಟು ಓದಿಸಿಕೊಂಡ ಪುಸ್ತಕ ಅವನ ಮನೆಗೆ ಬಂದದ್ದು ಇದೇ ಮೊದಲು.

ಅಡುಗೆಮನೆಯಿಂದ ಮನೀಷಾ ಕೇಳಿದಳು, "ಎಲ್ಲಿಗೆ ಬಂತು?"

"ಈಗರೆ ಮ್ಯಾಲ ಹೊಂಟದ."

"ಇಳದಿಂದ ಹೇಳ್ರಿ. ರೊಟ್ಟಿ ಬಡೀತೀನಿ."